ಚಿಕ್ಕ ವಿಮಾನದ ಹೊಸ ಚಾಲಕರು: ದುಡಿಮೆ, ದಣಿವು ಮತ್ತು ರಜೆ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ನಮ್ಮ ಹಿರಿಯರು ಕಟ್ಟಿದ ಕಾಲದಲ್ಲಿ ವಿಮಾನಗಳಿರಲಿಲ್ಲ. ಇದ್ದಿದ್ದರೆ ಆ ಗಾದೆಗೆ ವಿಮಾನ ಚಾಲಕನ ಬದುಕಿಗಿಂತ ಒಪ್ಪುವ ನಿದರ್ಶನ ಅವರಿಗೂ ದೊರೆಯುತ್ತಿರಲಿಲ್ಲ. ಇಸ್ತ್ರಿ ಹಾಕಿದ ಬಿಳಿ ಅಂಗಿ, ಹೆಗಲ ಮೇಲೆ ಮೂರು ಪಟ್ಟಿ, ಹಿಂದೆ ಉರುಳಿ ಬರುವ ಸೂಟ್‌ಕೇಸು. ನಿಲ್ದಾಣದ ಜನಜಂಗುಳಿಯಲ್ಲಿ ಇಂಥ ತರುಣನೋ ತರುಣಿಯೋ ಎದುರಾದರೆ ನಮ್ಮ ಮಕ್ಕಳ ಕಣ್ಣು ಅವರನ್ನೇ ಹಿಂಬಾಲಿಸುತ್ತದೆ. ಹಿರಿಯರಾದ ನಾವೂ ಒಂದು ಕ್ಷಣ ಹೆಮ್ಮೆಯಿಂದ ನೋಡುತ್ತೇವೆ. ಆದರೆ ಆ ತರುಣನು ಹಿಂದಿನ ರಾತ್ರಿ ಎಲ್ಲಿ ಮಲಗಿದ್ದನು, ಮನೆಯವರ ಮುಖ ನೋಡಿ ಎಷ್ಟು ದಿನವಾಯಿತು, ವರ್ಷಕ್ಕೆ ಎಷ್ಟು ದಿನಗಳ ರಜೆ ಅವನಿಗುಂಟು ಎಂದು ನಾವು ಕೇಳುವುದಿಲ್ಲ. ಕೇಳಬೇಕು ಎಂಬುದೇ ಈ ಲೇಖನದ ವಾದ. ಅವನ ಮೇಲಿನ ಕನಿಕರಕ್ಕಾಗಿ ಮಾತ್ರವಲ್ಲ. ಅವನ ಬೆನ್ನ ಹಿಂದಿನ ಆಸನಗಳಲ್ಲಿ ಕುಳಿತಿರುವವರು ನಾವೇ ಆದ್ದರಿಂದ.

ಈ ಸ್ಮರಣ ಸಂಚಿಕೆಯನ್ನು ಕೈಯಲ್ಲಿ ಹಿಡಿದಿರುವ ಪ್ರತಿನಿಧಿಗಳಲ್ಲಿ ಅನೇಕರು ಸಣ್ಣ ಊರುಗಳಿಂದ ಬಂದವರು. ವಿಶ್ವವಿದ್ಯಾನಿಲಯವೊಂದನ್ನು ನಂಬಿದ ಊರು, ಆಸ್ಪತ್ರೆಯೊಂದನ್ನು ನಂಬಿದ ಊರು, ಕಾರ್ಖಾನೆಯೊಂದನ್ನು ನಂಬಿದ ಊರು. ಅಂಥ ಊರಿನಿಂದ ಮಹಾನಗರದ ನಿಲ್ದಾಣಕ್ಕೆ ನಿಮ್ಮನ್ನು ತಂದು ಮುಟ್ಟಿಸಿದ್ದು ಬಹುಪಾಲು 50 ಅಥವಾ 76 ಆಸನಗಳ ಚಿಕ್ಕ ಜೆಟ್ ವಿಮಾನವೇ ಇರಬೇಕು. ಅದರ ಮೈಮೇಲೆ ಅಮೆರಿಕನ್, ಡೆಲ್ಟಾ ಅಥವಾ ಯುನೈಟೆಡ್ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿರುತ್ತದೆ. ನಿಜವಾಗಿ ಅದನ್ನು ಹಾರಿಸುವವರು ಬೇರೆಯೇ ಒಂದು ಕಂಪನಿಯ ನೌಕರರು.

ಹೆಸರು ಒಬ್ಬರದು, ಹಾರಾಟ ಇನ್ನೊಬ್ಬರದು

ಇದನ್ನು ನಮ್ಮ ಕರ್ನಾಟಕದ ಕಚೇರಿಗಳ ಭಾಷೆಯಲ್ಲಿ ಹೇಳುವುದಾದರೆ ಹೊರಗುತ್ತಿಗೆ ಎನ್ನಬೇಕು. ಯೂಟಾ ರಾಜ್ಯದ ಸೇಂಟ್ ಜಾರ್ಜ್ ಪಟ್ಟಣದ ಸ್ಕೈವೆಸ್ಟ್, ಇಂಡಿಯಾನಾ ರಾಜ್ಯದ ರಿಪಬ್ಲಿಕ್ ಮೊದಲಾದವು ಸ್ವತಂತ್ರ ಪ್ರಾದೇಶಿಕ ಕಂಪನಿಗಳು. ಎನ್‌ವಾಯ್, ಪೀಡ್‌ಮಾಂಟ್, ಪಿಎಸ್‌ಎಗಳು ಅಮೆರಿಕನ್ ಸಂಸ್ಥೆಯ ಒಡೆತನಕ್ಕೂ ಎಂಡೆವರ್ ಡೆಲ್ಟಾ ಸಂಸ್ಥೆಯ ಒಡೆತನಕ್ಕೂ ಸೇರಿದವು. ಟಿಕೆಟ್ ಮಾರುವುದು, ವೇಳಾಪಟ್ಟಿ ನಿರ್ಧರಿಸುವುದು ದೊಡ್ಡ ಸಂಸ್ಥೆಯ ಕೆಲಸ. ಚಾಲಕರನ್ನೂ ವಿಮಾನವನ್ನೂ ಸಜ್ಜಾಗಿಟ್ಟು ಹಾರಿಸುವುದು ಚಿಕ್ಕ ಸಂಸ್ಥೆಯ ಕೆಲಸ. 2019ರಲ್ಲಿ, ಎಂದರೆ ಕೋವಿಡ್ ಪಿಡುಗಿಗೆ ಮುಂಚೆ, ಅಮೆರಿಕದ ವಿಮಾನಗಳ ಪ್ರತಿ ಹತ್ತು ಹಾರಾಟಗಳಲ್ಲಿ ಸುಮಾರು ನಾಲ್ಕು ಇಂಥ ಪ್ರಾದೇಶಿಕ ಕಂಪನಿಗಳವೇ ಆಗಿದ್ದವು.

ಆಸನಗಳ ಈ 76 ಎಂಬ ಸಂಖ್ಯೆಯೂ ಆಕಸ್ಮಿಕವಲ್ಲ. ದೊಡ್ಡ ಸಂಸ್ಥೆಗಳ ಚಾಲಕರ ಸಂಘಗಳು ತಮ್ಮ ಕೆಲಸ ಅಗ್ಗದ ಕೈಗಳಿಗೆ ಜಾರದಿರಲೆಂದು ಒಪ್ಪಂದಗಳಲ್ಲಿ ಒಂದು ಷರತ್ತನ್ನು ಹಾಕಿಸಿವೆ: ಇಂತಿಷ್ಟು ಆಸನಗಳಿಗಿಂತ ದೊಡ್ಡ ವಿಮಾನಗಳನ್ನು ಹೊರಗುತ್ತಿಗೆಗೆ ಕೊಡಕೂಡದು. ಹೀಗೆ ಎಳೆದ ಗೆರೆಯ ಒಂದು ಬದಿಯಲ್ಲಿ ಅನುಭವ, ಹೆಚ್ಚಿನ ಸಂಬಳ, ದೀರ್ಘ ರಜೆ; ಇನ್ನೊಂದು ಬದಿಯಲ್ಲಿ ಹೊಸಬರು. ನೀಲಿಯ ಆಕಾಶ ಎರಡು ಬದಿಗೂ ಒಂದೇ. ಕೆಲಸದ ಹೊಣೆಯೂ ಒಂದೇ.

ಒಂದೂವರೆ ಸಾವಿರ ಗಂಟೆಗಳ ದಾರಿ

ಅಮೆರಿಕದ ಪ್ರಯಾಣಿಕ ವಿಮಾನದಲ್ಲಿ ಸಹಚಾಲಕನಾಗಿ ಕೂರಲು ಸಾಮಾನ್ಯವಾಗಿ 1,500 ಗಂಟೆಗಳ ಹಾರಾಟದ ಅನುಭವ ಬೇಕು. ಸೇನೆಯಲ್ಲಿ ತರಬೇತಾದವರಿಗೆ 750 ಗಂಟೆ, ಮಾನ್ಯತೆ ಪಡೆದ ಕಾಲೇಜಿನಲ್ಲಿ ವಿಮಾನಯಾನದ ನಾಲ್ಕು ವರ್ಷದ ಪದವಿ ಗಳಿಸಿದವರಿಗೆ 1,000 ಗಂಟೆ ಎಂಬ ರಿಯಾಯಿತಿಗಳಿವೆ. ಸೇನೆಗೆ ಸೇರದ ಸಾಮಾನ್ಯ ಮನೆಯ ಹುಡುಗ ಅಥವಾ ಹುಡುಗಿ ಪ್ರಾರಂಭಿಕ ಪರವಾನಗಿಗಳಿಗಾಗಿ ಖಾಸಗಿ ಶಾಲೆಯೊಂದರಲ್ಲಿ 1 ಲಕ್ಷ ಡಾಲರ್ ಆಸುಪಾಸು ತೆರಬೇಕಾಗುತ್ತದೆ. ಹೆಚ್ಚಿನವರಿಗೆ ಅದು ಸಾಲದ ಹಣ. ಇಷ್ಟೆಲ್ಲ ಆದರೂ ಕೈಯಲ್ಲಿ ಉಳಿಯುವುದು ಕೆಲವು ನೂರು ಗಂಟೆಗಳ ಅನುಭವ ಮಾತ್ರ. ಉಳಿದದ್ದನ್ನು ತುಂಬಿಕೊಳ್ಳಲು ಆತ ಇತರರಿಗೆ ಹಾರಾಟ ಕಲಿಸುವ ಶಿಕ್ಷಕನಾಗುತ್ತಾನೆ. ಜಾಹೀರಾತಿನ ಬಟ್ಟೆಯನ್ನು ಬಾಲದಂತೆ ಕಟ್ಟಿಕೊಂಡು ಕಡಲತೀರದ ಮೇಲೆ ಸುತ್ತುತ್ತಾನೆ. ಹೊಲಗಳ ಮೇಲಿನ ವಿದ್ಯುತ್ ತಂತಿಗಳನ್ನೂ ತೈಲದ ಕೊಳವೆಗಳನ್ನೂ ಪರಿಶೀಲಿಸುತ್ತ ಹಾರುತ್ತಾನೆ. ಹವೆ ಕೆಟ್ಟ ದಿನ ಹಾರಾಟವಿಲ್ಲ. ಹಾರಾಟವಿಲ್ಲದ ದಿನ ಕೂಲಿಯೂ ಇಲ್ಲ. ವೈದ್ಯಕೀಯ ಓದಿದ ಮಗ ರೆಸಿಡೆನ್ಸಿಯಲ್ಲಿ ನಿದ್ದೆಗೆಟ್ಟು ದುಡಿಯುವುದು ನಮ್ಮ ಸಮಾಜಕ್ಕೆ ಚೆನ್ನಾಗಿ ಗೊತ್ತು. ಇದೂ ಅಂಥದೇ ಒಂದು ಕಾಲಾವಧಿ. ಆದರೆ ಇದರ ಬಗ್ಗೆ ನಮ್ಮ ಊಟದ ಮೇಜುಗಳಲ್ಲಿ ಮಾತು ನಡೆಯುವುದು ಅಪರೂಪ.

ಈ 1,500 ಗಂಟೆಗಳ ನಿಯಮ ಬಂದದ್ದು ಹೇಗೆ ಎಂಬುದನ್ನು ತಿಳಿಯಲು ಒಂದು ಚಳಿಗಾಲದ ರಾತ್ರಿಯನ್ನು ನೆನೆಯಬೇಕು.

ಬಫಲೋ ನಗರದ ಹೊರವಲಯದಲ್ಲಿ

2009ರ ಫೆಬ್ರವರಿ 12ರ ರಾತ್ರಿ. ನ್ಯೂಜೆರ್ಸಿಯ ನೆವಾರ್ಕ್‌ನಿಂದ ನ್ಯೂಯಾರ್ಕ್ ರಾಜ್ಯದ ಬಫಲೋಗೆ ಹೊರಟಿದ್ದ 3407ನೆಯ ಸಂಖ್ಯೆಯ ವಿಮಾನ ಇಳಿಯುವ ಮುನ್ನ ಕ್ಲಾರೆನ್ಸ್ ಸೆಂಟರ್ ಎಂಬ ಬಡಾವಣೆಯ ಮನೆಯೊಂದರ ಮೇಲೆ ಉರುಳಿತು. ವಿಮಾನದಲ್ಲಿದ್ದ 49 ಮಂದಿ, ಮನೆಯಲ್ಲಿದ್ದ ಒಬ್ಬರು, ಒಟ್ಟು 50 ಜನ ಮಡಿದರು. ವಿಮಾನದ ಮೈಮೇಲಿದ್ದ ಹೆಸರು ಕಾಂಟಿನೆಂಟಲ್. ಹಾರಿಸುತ್ತಿದ್ದುದು ಕೋಲ್ಗನ್ ಎಂಬ ಪ್ರಾದೇಶಿಕ ಕಂಪನಿ.

ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ನಡೆಸಿದ ತನಿಖೆಯಲ್ಲಿ ಕಂಡ ಮುಖ್ಯ ಕಾರಣ, ವೇಗ ಅಪಾಯಕರವಾಗಿ ಕುಸಿಯುತ್ತಿದೆ ಎಂದು ಯಂತ್ರ ಎಚ್ಚರಿಸಿದಾಗ ಮುಖ್ಯ ಚಾಲಕ ತೋರಿದ ತಪ್ಪು ಪ್ರತಿಕ್ರಿಯೆ. ಆದರೆ ತನಿಖೆ ಅಲ್ಲಿಗೆ ನಿಲ್ಲದೆ ಆ ಇಬ್ಬರು ಚಾಲಕರ ಹಿಂದಿನ ದಿನಗಳನ್ನೂ ಕೆದಕಿ ನೋಡಿತು. ಸಹಚಾಲಕಿಯಾಗಿದ್ದ ತರುಣಿಯ ವಾಸ ದೇಶದ ಪಶ್ಚಿಮ ತುದಿಯ ಸಿಯಾಟಲ್ ಬಳಿ. ಕೆಲಸದ ನೆಲೆ ಪೂರ್ವ ತುದಿಯ ನೆವಾರ್ಕ್. ಆಕೆ ಹಿಂದಿನ ರಾತ್ರಿ ಸರಕು ವಿಮಾನದ ಹೆಚ್ಚುವರಿ ಆಸನದಲ್ಲಿ ಕುಳಿತು, ಮೆಂಫಿಸ್‌ನಲ್ಲಿ ವಿಮಾನ ಬದಲಿಸಿ, ಬೆಳಗಿನ ಹೊತ್ತಿಗೆ ನೆವಾರ್ಕ್ ತಲುಪಿದ್ದಳು. ಮುಖ್ಯ ಚಾಲಕನೂ ನೆವಾರ್ಕ್‌ನಲ್ಲಿ ಮನೆಯಿಲ್ಲದವನೇ. ಹಿಂದಿನ ರಾತ್ರಿಯನ್ನು ನಿಲ್ದಾಣದ ಸಿಬ್ಬಂದಿಯ ಕೋಣೆಯಲ್ಲೇ ಕಳೆದಿದ್ದನು. ಆಕೆಗೆ ನೆಗಡಿ ಹಿಡಿದಿತ್ತು. ಅಸ್ವಸ್ಥಳೆಂದು ಹೇಳಿ ಕೆಲಸ ಬಿಟ್ಟರೆ ಗುಣವಾಗುವವರೆಗೆ ಸ್ವಂತ ಖರ್ಚಿನಲ್ಲಿ ಹೋಟೆಲಿನಲ್ಲಿ ಇರಬೇಕಾದೀತು ಎಂಬ ಅರ್ಥದ ಆಕೆಯ ಮಾತು ವಿಮಾನದ ಧ್ವನಿಮುದ್ರಣದಲ್ಲಿ ಉಳಿದುಕೊಂಡಿತು. ಆಕೆಯ ವಾರ್ಷಿಕ ಸಂಬಳ ಎಷ್ಟೆಂದು ಸಾರ್ವಜನಿಕ ವಿಚಾರಣೆಯಲ್ಲಿ ಪ್ರಶ್ನೆ ಬಂದಾಗ 16,000 ಡಾಲರ್‌ಗಳ ಆಸುಪಾಸಿನ ಅಂಕಿ ಹೊರಬಿದ್ದು ದೇಶವೇ ಬೆರಗಾಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ನಮ್ಮ ಗಾದೆ ಇಷ್ಟು ಕ್ರೂರವಾಗಿ ಬೇರೆಲ್ಲೂ ಅನ್ವಯಿಸಿರಲಾರದು.

ಇಬ್ಬರ ಸಾಮರ್ಥ್ಯವೂ ದಣಿವಿನಿಂದ ಕುಗ್ಗಿದ್ದಿರಬಹುದು, ಆದರೆ ಅಪಘಾತದಲ್ಲಿ ಅದರ ಪಾಲು ಎಷ್ಟೆಂದು ನಿಶ್ಚಯವಾಗಿ ಹೇಳಲಾಗದು ಎಂದು ಮಂಡಳಿ ತನ್ನ ವರದಿಯಲ್ಲಿ ಎಚ್ಚರಿಕೆಯಿಂದ ಬರೆಯಿತು. ದಣಿವಿನ ಸ್ವಭಾವವೇ ಹಾಗೆ. ಮುರಿದ ರೆಕ್ಕೆ ಅವಶೇಷದಲ್ಲಿ ಸಿಗುತ್ತದೆ. ಕೆಟ್ಟ ನಿದ್ದೆ ಸಿಗುವುದಿಲ್ಲ.

ನಿದ್ದೆಗೂ ಒಂದು ಕಾನೂನು

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತೇವೆ. ಇಲ್ಲಿ ಆ ಬುದ್ಧಿಯೂ ತಾನಾಗಿ ಬರಲಿಲ್ಲ. ಮಡಿದವರ ಬಂಧುಗಳು ಒಂದು ಗುಂಪಾಗಿ ಮತ್ತೆ ಮತ್ತೆ ವಾಷಿಂಗ್‌ಟನ್ನಿಗೆ ಹೋಗಿ, ಸಂಸದರ ಬಾಗಿಲುಗಳನ್ನು ತಟ್ಟಿ, ಕೈಯಲ್ಲಿ ತಮ್ಮವರ ಭಾವಚಿತ್ರಗಳನ್ನು ಹಿಡಿದು ಕುಳಿತರು. 2010ರ ಆಗಸ್ಟ್ 1ರಂದು ವಿಮಾನ ಸುರಕ್ಷತೆಯ ಹೊಸ ಶಾಸನಕ್ಕೆ ಅಧ್ಯಕ್ಷರ ಸಹಿ ಬಿತ್ತು. ಸಹಚಾಲಕರಿಗೂ 1,500 ಗಂಟೆಗಳ ನಿಯಮ 2013ರಲ್ಲಿ ಜಾರಿಯಾಯಿತು. ಟಿಕೆಟ್ ಕೊಳ್ಳುವಾಗಲೇ ವಿಮಾನವನ್ನು ನಿಜವಾಗಿ ಹಾರಿಸುವ ಕಂಪನಿ ಯಾವುದೆಂದು ಗ್ರಾಹಕನಿಗೆ ತಿಳಿಸಬೇಕೆಂಬ ಕಟ್ಟಳೆಯೂ ಆ ಶಾಸನದಲ್ಲಿಯೇ ಇದೆ. ಟಿಕೆಟ್ಟಿನ ಮೇಲೆ ಸಣ್ಣ ಅಕ್ಷರದಲ್ಲಿ ಕಾಣುವ ಆ ಸಾಲನ್ನು ಇನ್ನು ಮೇಲಾದರೂ ಓದೋಣ.

ಎಲ್ಲಕ್ಕಿಂತ ಮುಖ್ಯವಾದದ್ದು ವಿಶ್ರಾಂತಿಯ ನಿಯಮ. ಅದು 2014ರ ಜನವರಿ 4ರಿಂದ ಜಾರಿಗೆ ಬಂತು. ಹಿಂದೆ ಎರಡು ದಿನಗಳ ಕರ್ತವ್ಯದ ನಡುವಿನ ಬಿಡುವನ್ನು ಎಂಟು ಗಂಟೆಗೆ ಇಳಿಸಲು ಅವಕಾಶವಿತ್ತು. ಹೋಟೆಲಿಗೆ ಹೋಗಿ ಬರುವುದು, ಊಟ, ಸ್ನಾನ ಎಲ್ಲವೂ ಅದರೊಳಗೇ. ಹೊಸ ನಿಯಮದ ಪ್ರಕಾರ ಕರ್ತವ್ಯಕ್ಕೆ ಮುಂಚೆ 10 ಗಂಟೆಗಳ ಬಿಡುವು ಬೇಕು. ಅದರಲ್ಲಿ ಎಡೆಬಿಡದೆ 8 ಗಂಟೆ ನಿದ್ರಿಸಲು ಅವಕಾಶವಿರಬೇಕು. ವಾರಕ್ಕೊಮ್ಮೆ ಸತತ 30 ಗಂಟೆಗಳ ಬಿಡುವು. ಹಾರಾಟ 28 ದಿನಗಳಲ್ಲಿ 100 ಗಂಟೆಯನ್ನೂ 365 ದಿನಗಳಲ್ಲಿ 1,000 ಗಂಟೆಯನ್ನೂ ಮೀರಕೂಡದು. ದಿನದ ಕರ್ತವ್ಯದ ಅವಧಿ 9ರಿಂದ 14 ಗಂಟೆ. ಎಷ್ಟು ಹೊತ್ತಿಗೆ ಆರಂಭ, ಎಷ್ಟು ಬಾರಿ ಏರಿ ಇಳಿಯಬೇಕು ಎಂಬುದರ ಮೇಲೆ ಅದು ಹಿಗ್ಗುತ್ತದೆ, ಕುಗ್ಗುತ್ತದೆ. ಈ ಕೊನೆಯ ಅಂಶ ಪ್ರಾದೇಶಿಕ ಚಾಲಕರಿಗೆ ದೊಡ್ಡ ಉಪಕಾರ. ದೂರದೇಶದ ವಿಮಾನ ದಿನಕ್ಕೊಮ್ಮೆ ಏರಿ ಒಮ್ಮೆ ಇಳಿದರೆ ಚಿಕ್ಕ ವಿಮಾನದವರು ನಾಲ್ಕೈದು ಸಲ ಏರಿಳಿಯುತ್ತಾರೆ. ಅತಿ ಹೆಚ್ಚು ಗಮನ ಬೇಡುವುದು ಆ ಏರಿಳಿತಗಳೇ.

ಚಾಲಕನು ತಾನು ದಣಿದಿದ್ದೇನೆ ಎಂದು ತಿಳಿಸಿದರೆ ಕಂಪನಿ ಅವನನ್ನು ಹಾರಲು ಬಿಡುವಂತಿಲ್ಲ ಎಂಬುದೂ ಈಗ ಕಾನೂನು. ಆದರೆ ಆ ದಿನದ ಸಂಬಳ ಕೈಸೇರುವುದೇ ಇಲ್ಲವೇ ಎಂಬುದನ್ನು ಕಾನೂನು ಹೇಳುವುದಿಲ್ಲ. ಅದು ಒಪ್ಪಂದಕ್ಕೆ ಬಿಟ್ಟ ಮಾತು. ಮನೆಯಿಂದ ಕೆಲಸದ ನೆಲೆಗೆ ಬರುವ ಪ್ರಯಾಣವನ್ನೂ ನಿಯಮ ಮುಟ್ಟಿಲ್ಲ. ಸಿಯಾಟಲ್‌ನಿಂದ ನೆವಾರ್ಕ್‌ಗೆ ರಾತ್ರಿಯಿಡೀ ಬರುವುದು ಇಂದಿಗೂ ಚಾಲಕನ ಸ್ವಂತ ವಿಚಾರವೇ.

ಜ್ಯೇಷ್ಠತಾ ಪಟ್ಟಿಯ ಕೊನೆಯ ಹೆಸರು

ನಮ್ಮಲ್ಲಿ ಅನೇಕರ ತಂದೆಯವರು ಸರಕಾರಿ ನೌಕರಿಯಲ್ಲಿದ್ದವರು. ಜ್ಯೇಷ್ಠತಾ ಪಟ್ಟಿ ಎಂದರೆ ಏನೆಂದು ನಮಗೆ ವಿವರಿಸಬೇಕಾಗಿಲ್ಲ. ಆದರೆ ಸರಕಾರಿ ಕಚೇರಿಯಲ್ಲಿ ಅದು ಬಡ್ತಿಯ ಸಮಯದಲ್ಲಿ ಮಾತ್ರ ತಲೆ ಎತ್ತುತ್ತದೆ. ವಿಮಾನ ಸಂಸ್ಥೆಯಲ್ಲಿ ಅದು ಪ್ರತಿ ತಿಂಗಳೂ ಚಾಲಕನ ಬದುಕನ್ನು ಬರೆಯುತ್ತದೆ. ಕೆಲಸಕ್ಕೆ ಸೇರಿದ ದಿನ ಸಿಗುವ ಸಂಖ್ಯೆಯೇ ಅವನ ಜಾತಕ. ಯಾವ ಊರು ನೆಲೆ, ಯಾವ ವಿಮಾನ, ಯಾವ ದಿನ ಬಿಡುವು, ಯಾವ ವಾರ ರಜೆ ಎಂಬ ಎಲ್ಲಕ್ಕೂ ಆ ಸಂಖ್ಯೆಯೇ ಆಧಾರ. ಪ್ರತಿಭೆಗೂ ಪರಿಶ್ರಮಕ್ಕೂ ಅದನ್ನು ಮೇಲಕ್ಕೆತ್ತುವ ಶಕ್ತಿಯಿಲ್ಲ. ಮೇಲಿನವರು ನಿವೃತ್ತರಾಗಬೇಕು ಅಥವಾ ಬಿಟ್ಟು ಹೋಗಬೇಕು. ಕೆಳಗೆ ಹೊಸಬರು ಬರಬೇಕು. ಬೇರೆ ಕಂಪನಿಗೆ ಹೋದರೆ ಅಲ್ಲಿ ಮತ್ತೆ ಕೊನೆಯ ಹೆಸರಾಗಿ ಆರಂಭ. ಕಂಪನಿಯೇ ಮುಚ್ಚಿದರೆ ಆ ಸಂಖ್ಯೆ ನೀರಿನ ಮೇಲಿನ ಬರಹ. 2020ರ ಏಪ್ರಿಲ್‌ನಲ್ಲಿ ಟ್ರಾನ್ಸ್ ಸ್ಟೇಟ್ಸ್ ಮತ್ತು ಕಂಪಾಸ್ ಎಂಬ ಎರಡು ಪ್ರಾದೇಶಿಕ ಕಂಪನಿಗಳು ಹಾರಾಟ ನಿಲ್ಲಿಸಿದಾಗ ಅಲ್ಲಿ ಹತ್ತಾರು ವರ್ಷ ದುಡಿದ ಹಿರಿಯರೂ ಒಂದೇ ದಿನದಲ್ಲಿ ಹೊಸಬರಾದರು.

ಪಟ್ಟಿಯ ಕೊನೆಯಲ್ಲಿರುವವನಿಗೆ ಮೊದಲು ದೊರೆಯುವುದು ಮೀಸಲು ಸರದಿ. ಅವನಿಗೆ ಗೊತ್ತಾದ ವೇಳಾಪಟ್ಟಿ ಇಲ್ಲ. ಬೇರೆ ಚಾಲಕನಿಗೆ ಜ್ವರ ಬಂದರೆ, ಹಿಮ ಬಿದ್ದು ವಿಮಾನಗಳು ಅಸ್ತವ್ಯಸ್ತವಾದರೆ, ದೂರವಾಣಿ ಬಡಿಯುತ್ತದೆ. ಬಹಳ ಕಡೆ ಎರಡು ಗಂಟೆಯೊಳಗೆ ನಿಲ್ದಾಣದಲ್ಲಿರಬೇಕು. ಹೀಗೆ ಕಾಯುವ ಅವಧಿ ದಿನಕ್ಕೆ 14 ಗಂಟೆಯವರೆಗೂ ಇರಬಹುದು. ನ್ಯೂಯಾರ್ಕಿನಂಥ ದುಬಾರಿ ಊರಿನಲ್ಲಿ ಮನೆ ಮಾಡುವ ಶಕ್ತಿಯಿಲ್ಲದವರು ನಿಲ್ದಾಣದ ಹತ್ತಿರ ಕ್ರ್ಯಾಶ್ ಪ್ಯಾಡ್ ಎಂದು ಕರೆಯುವ ಬಾಡಿಗೆ ಕೋಣೆಗಳಲ್ಲಿ ಒಂದು ಮಂಚಕ್ಕೆ ಹಣ ಕೊಡುತ್ತಾರೆ. ಒಂದರ ಮೇಲೊಂದು ಮಂಚ. ಕೆಲವು ಕಡೆ ಒಬ್ಬನೆದ್ದು ಹೋದ ಹಾಸಿಗೆಯಲ್ಲಿ ಇನ್ನೊಬ್ಬನು ಬಂದು ಮಲಗುವ ಏರ್ಪಾಡು. ಈ ಬಾಡಿಗೆಯೂ ಅವರ ಸ್ವಂತ ಸಂಬಳದಿಂದಲೇ.

ಸಂಬಳದ ಲೆಕ್ಕವೂ ವಿಚಿತ್ರ. ಬಾಗಿಲು ಮುಚ್ಚಿ ವಿಮಾನ ಅಲುಗಿದ ಕ್ಷಣದಿಂದ ಗುರಿ ಸೇರಿ ನಿಲ್ಲುವವರೆಗಿನ ಗಂಟೆಗಳಿಗೆ ಮಾತ್ರ ಕೂಲಿ ಎಂಬುದು ಬಹುಕಾಲದ ಪದ್ಧತಿ. ಅದಕ್ಕೆ ಮುಂಚೆ ವಿಮಾನವನ್ನು ಸುತ್ತಿ ಪರೀಕ್ಷಿಸಿದ್ದು, ಹವಾಮಾನ ವರದಿ ಓದಿದ್ದು, ನಡುವೆ ಮೂರು ಗಂಟೆ ಕಾದು ಕುಳಿತದ್ದು ಪ್ರತ್ಯೇಕವಾಗಿ ಲೆಕ್ಕಕ್ಕೆ ಬರುವುದಿಲ್ಲ. ಅಡಿಗೆಮನೆಯಲ್ಲಿ ಬಡಿಸಿದ ಹೊತ್ತನ್ನು ಮಾತ್ರ ಎಣಿಸಿ, ಹೆಚ್ಚಿದ, ರುಬ್ಬಿದ, ಬೇಯಿಸಿದ, ತೊಳೆದ ಹೊತ್ತನ್ನು ಬಿಟ್ಟುಬಿಟ್ಟ ಹಾಗೆ! ಗೃಹಿಣಿಯರಾದ ನಮಗೆ ಈ ಗಣಿತ ಬೇಗ ಅರ್ಥವಾಗುತ್ತದೆ. ಇದನ್ನು ಸರಿದೂಗಿಸಲು ತಿಂಗಳಿಗೆ ಸುಮಾರು 75 ಗಂಟೆಗಳ ಸಂಬಳದ ಖಾತರಿಯನ್ನು ಒಪ್ಪಂದಗಳು ಕೊಡುತ್ತವೆ; ಊರ ಹೊರಗಿದ್ದಷ್ಟು ಹೊತ್ತು ಅಲ್ಪ ದಿನಭತ್ಯೆಯೂ ಉಂಟು. ವಿಮಾನ ಸಂಸ್ಥೆಯ ನೌಕರರು ರೈಲ್ವೆಯವರಿಗಾಗಿ 1926ರಲ್ಲಿ ಆದ ಕಾರ್ಮಿಕ ಶಾಸನದ ವ್ಯಾಪ್ತಿಗೆ 1936ರಲ್ಲಿ ಸೇರಿದವರು. ಹೆಚ್ಚು ಹೊತ್ತು ದುಡಿದರೆ ಒಂದೂವರೆ ಪಟ್ಟು ಕೂಲಿ ಎಂಬ ದೇಶದ ಸಾಮಾನ್ಯ ನಿಯಮ ಅವರಿಗೆ ಅನ್ವಯಿಸುವುದಿಲ್ಲ.

ಆದರೆ ಚಿತ್ರ ಪೂರ್ತಿ ಕಪ್ಪಲ್ಲ ಎಂಬುದನ್ನೂ ಹೇಳಬೇಕು. ಕೋವಿಡ್ ನಂತರ ಚಾಲಕರ ಅಭಾವ ತಲೆದೋರಿದಾಗ 2022ರ ಜೂನ್‌ನಲ್ಲಿ ಪೀಡ್‌ಮಾಂಟ್ ಮತ್ತು ಎನ್‌ವಾಯ್ ಕಂಪನಿಗಳು ಹೊಸ ಸಹಚಾಲಕರಿಗೆ ಗಂಟೆಗೆ 90 ಡಾಲರ್ ಘೋಷಿಸಿದವು. ಇತರ ಕಂಪನಿಗಳೂ ಹಿಂದೆಯೇ ಬಂದವು. ತಿಂಗಳಿಗೆ 75 ಗಂಟೆಯಂತೆ ಅದು ವರ್ಷಕ್ಕೆ 81,000 ಡಾಲರ್. 2009ರ ಅಂಕಿಯ ಪಕ್ಕದಲ್ಲಿಟ್ಟರೆ ಅಜಗಜಾಂತರ. ಇಷ್ಟಾದರೂ ಹಣ ಏರಿದಷ್ಟು ಸುಲಭವಾಗಿ ಬಿಡುವು ಏರಲಿಲ್ಲ. ಸಂಬಳವನ್ನು ಒಂದು ಪ್ರಕಟಣೆಯಿಂದ ಹೆಚ್ಚಿಸಬಹುದು. ಜ್ಯೇಷ್ಠತಾ ಪಟ್ಟಿಯನ್ನು ಹಿಗ್ಗಿಸಲಾಗದು.

ಕಾಗದದ ಮೇಲಿನ ರಜೆ, ಕೈಗೆ ಸಿಗುವ ರಜೆ

ಸಂಬಳಸಹಿತ ರಜೆ ಕೊಡಲೇಬೇಕೆಂದು ಅಮೆರಿಕದ ಕೇಂದ್ರ ಸರಕಾರದ ಯಾವ ಕಾನೂನೂ ಹೇಳುವುದಿಲ್ಲ. ಕರ್ನಾಟಕ ಸರಕಾರದ ನೌಕರನಿಗೆ ವರ್ಷಕ್ಕೆ 30 ದಿನಗಳ ಗಳಿಕೆ ರಜೆ ಲೆಕ್ಕಕ್ಕೆ ಸೇರುತ್ತದೆ ಎಂಬುದನ್ನು ನೋಡಿ ಬೆಳೆದ ನಮಗೆ ಇದು ಇಂದಿಗೂ ಸೋಜಿಗವೇ. ಹೀಗಾಗಿ ಚಾಲಕನ ರಜೆ ಸಂಘಕ್ಕೂ ಕಂಪನಿಗೂ ಆದ ಒಪ್ಪಂದದ ಫಲ. ಕಂಪನಿಯಿಂದ ಕಂಪನಿಗೆ ಅದು ಬದಲಾಗುತ್ತದೆ. ಸಾಮಾನ್ಯ ಸ್ವರೂಪ ಹೀಗೆ: ಈ ವರ್ಷ ದುಡಿದು ಗಳಿಸಿದ ರಜೆಯನ್ನು ಮುಂದಿನ ವರ್ಷ ಅನುಭವಿಸಬೇಕು. ಆದ್ದರಿಂದ ಸೇರಿದ ಮೊದಲ ವರ್ಷದಲ್ಲಿ ರಜೆ ಇಲ್ಲವೆಂದೇ ತಿಳಿಯಬೇಕು. ಅನಂತರ ಒಂದು ವಾರ, ಕೆಲವು ವರ್ಷಗಳ ಮೇಲೆ ಎರಡು ವಾರ, ಮುಂದೆ ಮೂರು.

ಪ್ರತಿ ವರ್ಷ ಶರತ್ಕಾಲದ ಹೊತ್ತಿಗೆ ಮುಂದಿನ ವರ್ಷದ ರಜೆಯ ವಾರಗಳಿಗೆ ಕೋರಿಕೆ ಕರೆಯುತ್ತಾರೆ. ಮೊದಲ ಆಯ್ಕೆ ಪಟ್ಟಿಯ ಮೊದಲ ಹೆಸರಿಗೆ. ಮಕ್ಕಳ ಬೇಸಿಗೆ ರಜೆಯ ವಾರಗಳು, ಥ್ಯಾಂಕ್ಸ್‌ಗಿವಿಂಗ್, ಕ್ರಿಸ್‌ಮಸ್ ಎಲ್ಲವೂ ಹಿರಿಯರ ಪಾಲಾಗಿ, ಪಂಕ್ತಿಯ ಕೊನೆಯಲ್ಲಿ ಕುಳಿತವನ ಎಲೆಗೆ ಬೀಳುವುದು ಫೆಬ್ರವರಿಯ ಒಂದು ವಾರ ಅಥವಾ ಶಾಲೆ ತೆರೆದ ಮೇಲಿನ ಸೆಪ್ಟೆಂಬರ್ ವಾರ. ನಮ್ಮ ಮಕ್ಕಳಿಗೆ ಇಲ್ಲಿ ಒಂದು ಸಣ್ಣ ಅನುಕೂಲವಿದೆ. ಯುಗಾದಿಗೂ ದೀಪಾವಳಿಗೂ ಅಮೆರಿಕದ ಹಿರಿಯ ಚಾಲಕರು ಪೈಪೋಟಿ ನಡೆಸುವುದಿಲ್ಲ. ಶಾಲೆಗಳ ವಸಂತಕಾಲದ ಬಿಡುವಿಗೆ ತಾಗದಿದ್ದರೆ ಯುಗಾದಿಯ ವಾರ ಹೊಸಬನಿಗೂ ಒಲಿಯಬಹುದು. ಕ್ರಿಸ್‌ಮಸ್ ದಿನ ಹಾರಿ, ಯುಗಾದಿಯ ದಿನ ಮನೆಯಲ್ಲಿ ಬೇವುಬೆಲ್ಲ ತಿನ್ನುವ ಚಾಲಕ ನಮ್ಮಲ್ಲಿ ಹುಟ್ಟಬಾರದೇಕೆ?

ಜಾಣರು ರಜೆಯನ್ನು ಹಿಗ್ಗಿಸುವ ವಿದ್ಯೆಯನ್ನೂ ಕಲಿಯುತ್ತಾರೆ. ವೇಳಾಪಟ್ಟಿ ಪಡೆದ ಚಾಲಕನಿಗೆ ತಿಂಗಳಿಗೆ ಹನ್ನೊಂದು ಹನ್ನೆರಡು ದಿನಗಳ ಬಿಡುವು ಒಪ್ಪಂದದಲ್ಲಿಯೇ ಇರುತ್ತದೆ. ರಜೆಯ ವಾರದ ಹಿಂದೆ ಮುಂದೆ ಆ ದಿನಗಳನ್ನು ಹೊಂದಿಸಿದರೆ, ಕೆಲವು ಒಪ್ಪಂದಗಳಲ್ಲಿ ರಜೆಗೆ ತಾಗುವ ಹಾರಾಟಗಳೇ ರದ್ದಾದರೆ, ಏಳು ದಿನ ಎರಡು ವಾರವಾಗುತ್ತದೆ. ಮೀಸಲು ಸರದಿಯಲ್ಲಿರುವ ಹೊಸಬನಿಗೆ ಈ ವಿದ್ಯೆ ಅಷ್ಟಾಗಿ ಫಲಿಸುವುದಿಲ್ಲ.

ಇನ್ನು ಎಲ್ಲರೂ ಆಸೆಗಣ್ಣಿನಿಂದ ನೋಡುವ ಉಚಿತ ಪ್ರಯಾಣ. ಚಾಲಕನಿಗೂ ಹೆಂಡತಿ ಮಕ್ಕಳಿಗೂ ಸಾಮಾನ್ಯವಾಗಿ ತಂದೆತಾಯಿಗಳಿಗೂ ಈ ಸೌಲಭ್ಯವಿದೆ. ಆದರೆ ಅದು ಆಸನ ಖಾಲಿ ಉಳಿದರೆ ಮಾತ್ರ. ಇಲ್ಲಿಯೂ ಸರದಿ ಉಂಟು. ಡಿಸೆಂಬರಿನಲ್ಲಿ ಭಾರತದ ಕಡೆಗೆ ಹೋಗುವ ವಿಮಾನಗಳಲ್ಲಿ ಖಾಲಿ ಆಸನ ಹುಡುಕುವುದೆಂದರೆ ಮರಳಿನಿಂದ ಎಣ್ಣೆ ತೆಗೆದಂತೆ. ಮಗನ ಉಚಿತ ಟಿಕೆಟ್ ನಂಬಿ ಬೆಂಗಳೂರಿನ ಮದುವೆಗೆ ಹೊರಡುವ ತಂದೆತಾಯಿಗಳು ಮುಹೂರ್ತಕ್ಕೆ ನಾಲ್ಕು ದಿನ ಮುಂಚೆಯೇ ನಿಲ್ದಾಣದಲ್ಲಿರುವುದು ಲೇಸು.

ಹೆರಿಗೆ, ಕಾಯಿಲೆ, ಮುಪ್ಪು

ರಜೆಯೆಂದರೆ ವಿಹಾರವಷ್ಟೇ ಅಲ್ಲ. ಮಗು ಹುಟ್ಟಿದಾಗ, ಊರಿನಲ್ಲಿ ತಾಯಿ ಹಾಸಿಗೆ ಹಿಡಿದಾಗ ಬೇಕಾಗುವ ರಜೆ ಬೇರೆಯದು. 1993ರ ಕುಟುಂಬ ರಜಾ ಶಾಸನ ದೇಶದ ನೌಕರರಿಗೆ 12 ವಾರಗಳ ಸಂಬಳರಹಿತ ರಜೆಯನ್ನು ಕೊಟ್ಟಿತು. ಆದರೆ ಹಿಂದಿನ ವರ್ಷ 1,250 ಗಂಟೆ ದುಡಿದಿರಬೇಕೆಂದು ಷರತ್ತು ಹಾಕಿತು. ವಿಮಾನ ಚಾಲಕನಾದರೋ ವರ್ಷಕ್ಕೆ 1,000 ಗಂಟೆಗಿಂತ ಹೆಚ್ಚು ಹಾರುವುದನ್ನು ಮತ್ತೊಂದು ಕಾನೂನೇ ತಡೆದಿತ್ತು! ಹಾರಾಟದ ಗಂಟೆಗಳನ್ನಷ್ಟೇ ಎಣಿಸಿದರೆ ಪೂರ್ಣಕಾಲ ದುಡಿದವನೂ ಅರ್ಹನಾಗುತ್ತಿರಲಿಲ್ಲ. ಹದಿನಾರು ವರ್ಷಗಳ ಮೇಲೆ, 2009ರ ಡಿಸೆಂಬರ್‌ನಲ್ಲಿ, ಈ ದೋಷವನ್ನು ತಿದ್ದಿ ವಿಮಾನ ಸಿಬ್ಬಂದಿಗೆ 504 ಗಂಟೆಗಳೆಂಬ ಬೇರೆ ಅಳತೆಯನ್ನು ನಿಗದಿ ಮಾಡಿದರು. ಈಗಲೂ ಒಂದು ವರ್ಷದ ಸೇವೆ ಮುಗಿದಿರಬೇಕು. ಹೊಸ ಚಾಲಕಿಗೆ ಮೊದಲ ವರ್ಷದಲ್ಲಿ ಈ ಆಸರೆಯಿಲ್ಲ.

ಹೆಣ್ಣುಮಕ್ಕಳಿಗೆ ಇದು ಸಣ್ಣ ವಿಷಯವಲ್ಲ. ಹಾಲೂಡಿಸುವ ತಾಯಂದಿರಿಗೆ ಕೆಲಸದ ಸ್ಥಳದಲ್ಲಿ ಬಿಡುವು ಕೊಡಬೇಕೆಂಬ 2022ರ ಶಾಸನ ವಿಮಾನ ಸಿಬ್ಬಂದಿಯನ್ನು ಹೊರಗಿಟ್ಟಿತು. ಭಾರತದಲ್ಲಿ ಮಹಿಳಾ ಚಾಲಕರ ಪ್ರಮಾಣ ಅಮೆರಿಕದ ಎರಡು ಪಟ್ಟಿಗೂ ಮಿಗಿಲು ಎಂಬುದು ನಮಗೆ ಹೆಮ್ಮೆಯ ಮಾತು. ಆ ಹೆಮ್ಮೆಯನ್ನು ಹೊತ್ತ ನಮ್ಮ ಹೆಣ್ಣುಮಗಳು ಇಲ್ಲಿ ವಿಮಾನದ ಮುಂಭಾಗದಲ್ಲಿ ಕೂರಲು ಹೊರಟರೆ ಒಪ್ಪಂದದ ಹೆರಿಗೆ ರಜೆಯ ಪುಟವನ್ನು ಮೊದಲು ಓದುವುದು ನಾಚಿಕೆಯ ವಿಷಯವಲ್ಲ.

ತಾಯ್ನಾಡಿನಲ್ಲಿಯೂ ಇದೇ ಪ್ರಶ್ನೆ

ಚಿಕ್ಕ ವಿಮಾನಗಳ ಕಥೆಯಲ್ಲಿ ಕರ್ನಾಟಕಕ್ಕೂ ಒಂದು ಅಧ್ಯಾಯವಿದೆ. 2003ರ ಆಗಸ್ಟ್‌ನಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಮೊದಲು ಹಾರಿದ್ದು ಬೆಂಗಳೂರಿನಿಂದ ಹುಬ್ಬಳ್ಳಿಗೆ. 2019ರಲ್ಲಿ ಕಲಬುರಗಿಗೆ, 2023ರಲ್ಲಿ ಶಿವಮೊಗ್ಗಕ್ಕೆ ನಿಲ್ದಾಣ ಬಂತು. ಊರಿನ ಹೆಬ್ಬಾಗಿಲಿಗೇ ವಿಮಾನ ಬಂದದ್ದು ಸಂತೋಷದ ಸಂಗತಿ. ಅದನ್ನು ಹಾರಿಸುವವರ ದಣಿವಿನ ಪ್ರಶ್ನೆಯೂ ಅದರ ಜೊತೆಗೇ ಬಂದಿದೆ. 2023ರ ಆಗಸ್ಟ್‌ನಲ್ಲಿ ನಾಗಪುರದ ನಿಲ್ದಾಣದಲ್ಲಿ ಪುಣೆಯ ವಿಮಾನಕ್ಕೆ ಸಿದ್ಧನಾಗಿದ್ದ ಚಾಲಕನೊಬ್ಬ ಕುಸಿದು ತೀರಿಕೊಂಡಾಗ ಈ ಚರ್ಚೆ ಕಾವೇರಿತು. 2024ರ ಜನವರಿಯಲ್ಲಿ ಭಾರತದ ನಾಗರಿಕ ವಿಮಾನಯಾನ ನಿರ್ದೇಶನಾಲಯ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸುವ, ರಾತ್ರಿಯ ಇಳಿತಗಳನ್ನು ಆರರಿಂದ ಎರಡಕ್ಕೆ ಇಳಿಸುವ ನಿಯಮಗಳನ್ನು ಪ್ರಕಟಿಸಿತು. ಎರಡನೆಯ ಹಂತ 2025ರ ನವೆಂಬರ್ 1ರಂದು ಜಾರಿಯಾಯಿತು. ಡಿಸೆಂಬರಿನ ಮೊದಲ ವಾರದಲ್ಲಿ ದೇಶದ ಅತಿದೊಡ್ಡ ಸಂಸ್ಥೆಯಾದ ಇಂಡಿಗೋ ಅದಕ್ಕೆ ತಕ್ಕಷ್ಟು ಚಾಲಕರನ್ನು ಹೊಂದಿಸಲಾಗದೆ ಒಂದೇ ದಿನ ಸಾವಿರಕ್ಕೂ ಹೆಚ್ಚು ಹಾರಾಟಗಳನ್ನು ರದ್ದುಗೊಳಿಸಿತು. ಸರಕಾರ ಆ ಸಂಸ್ಥೆಗೆ ಕೆಲವು ನಿಯಮಗಳಿಂದ ತಾತ್ಕಾಲಿಕ ವಿನಾಯಿತಿ ಕೊಡಬೇಕಾಯಿತು. ಬೆಂಗಳೂರಿನ ನಿಲ್ದಾಣದಲ್ಲಿ ಸಿಕ್ಕಿಬಿದ್ದವರಲ್ಲಿ ಊರಿಗೆ ಹೋಗಿದ್ದ ನಮ್ಮವರೂ ಇದ್ದರು. ಚಾಲಕರ ನಿದ್ದೆಯನ್ನು ಮಿತವ್ಯಯದ ಬಾಬತ್ತೆಂದು ಎಣಿಸಿದರೆ ಒಂದಲ್ಲ ಒಂದು ದಿನ ಅದರ ಬೆಲೆಯನ್ನು ಪ್ರಯಾಣಿಕರು ತೆರಬೇಕಾಗುತ್ತದೆ ಎಂಬುದು ಎರಡು ದೇಶಗಳ ಅನುಭವ.

ತಂದೆತಾಯಿಗಳಿಗೆ ಒಂದೆರಡು ಮಾತು

ಡಾಕ್ಟರ್, ಎಂಜಿನಿಯರ್ ಎಂಬ ಎರಡೇ ದಡಗಳ ನಡುವೆ ಹರಿದ ನಮ್ಮ ಸಮಾಜದಲ್ಲಿ ಎರಡನೆಯ ತಲೆಮಾರಿನವರು ಬೇರೆ ದಾರಿ ಹಿಡಿಯುತ್ತಿದ್ದಾರೆ. ಮಗಳು ಪೈಲಟ್ ಆಗುತ್ತೇನೆಂದರೆ ಗಾಬರಿಪಡುವುದೂ ಬೇಡ, ಮರುದಿನವೇ ಕೂಟದಲ್ಲಿ ಸಾರುವುದೂ ಬೇಡ. ಕುಳಿತು ಕೆಲವು ಪ್ರಶ್ನೆ ಕೇಳೋಣ. ತರಬೇತಿಯ ಸಾಲ ತೀರಲು ಎಷ್ಟು ವರ್ಷ? ಸೇರುವ ಕಂಪನಿಯ ನೆಲೆ ಯಾವ ಊರಿನಲ್ಲಿ, ಅಲ್ಲಿಯೇ ಮನೆ ಮಾಡಬಹುದೇ? ಮೀಸಲು ಸರದಿ ಸಾಮಾನ್ಯವಾಗಿ ಎಷ್ಟು ತಿಂಗಳು? ಮೊದಲ ರಜೆ ಎಂದು? ಸೇರುವಾಗ ಕೊಡುವ ಬೋನಸ್ಸನ್ನು ಅವಧಿಗೆ ಮುನ್ನ ಬಿಟ್ಟರೆ ಹಿಂದಿರುಗಿಸಬೇಕೇ? ದಣಿದಿದ್ದೇನೆ ಎಂದು ಹೇಳಿದ ದಿನದ ಸಂಬಳ ಸಿಗುತ್ತದೆಯೇ? ಕೊನೆಯ ಪ್ರಶ್ನೆ ಅತಿ ಮುಖ್ಯವಾದದ್ದು. ಆ ಕಂಪನಿ ಸುರಕ್ಷತೆಯನ್ನು ಎಷ್ಟು ಮನಸಾರೆ ನಂಬಿದೆ ಎಂಬುದು ಅದರ ಉತ್ತರದಲ್ಲಿ ತಿಳಿಯುತ್ತದೆ.

ನಮ್ಮ ಕನ್ನಡ ಕೂಟಗಳಿಗೂ ಒಂದು ವಿನಂತಿ. ಯುವಜನರ ಗೋಷ್ಠಿಗಳಲ್ಲಿ ವೈದ್ಯರೊಡನೆ, ಉದ್ಯಮಿಗಳೊಡನೆ ನಮ್ಮವರೇ ಆದ ಒಬ್ಬ ವಿಮಾನ ಚಾಲಕನನ್ನೋ ಚಾಲಕಿಯನ್ನೋ ವೇದಿಕೆಗೆ ಕರೆಯೋಣ. ಹಬ್ಬದ ದಿನ ಅವರು ಬರಲಾಗದಿದ್ದರೆ ಫೆಬ್ರವರಿಯ ಯಾವುದಾದರೊಂದು ವಾರ ಕರೆಯೋಣ. ಆಗ ಅವರಿಗೆ ಬಿಡುವಿರುತ್ತದೆ ಎಂಬುದು ಈಗ ನಮಗೆ ಗೊತ್ತಿದೆಯಲ್ಲ.

ಸಮ್ಮೇಳನ ಮುಗಿಸಿ ಹಿಂದಿರುಗುವಾಗ ನಿಲ್ದಾಣದಲ್ಲಿ, ಸಿಬ್ಬಂದಿಯ ಕರ್ತವ್ಯದ ಅವಧಿ ಮುಗಿದುದರಿಂದ ವಿಮಾನ ತಡವಾಗಿದೆ ಎಂಬ ಪ್ರಕಟಣೆ ಕೇಳಬಹುದು. ಮಕ್ಕಳ ಶಾಲೆ, ನಾಳೆಯ ಕಚೇರಿ ನೆನಪಾಗಿ ಸಿಟ್ಟು ಬರುವುದು ಸಹಜ. ಆ ಪ್ರಕಟಣೆಯ ಹಿಂದೆ ಬಫಲೋದ 50 ಮನೆಗಳಿವೆ, ಬಾಗಿಲಿಂದ ಬಾಗಿಲಿಗೆ ಅಲೆದ ತಂದೆತಾಯಿಗಳಿದ್ದಾರೆ. ಮೇಜಿನ ಹಿಂದೆ ನಿಂತ ಹುಡುಗಿಯನ್ನು ಗದರಿಸದೆ, ಒಂದು ಕಪ್ಪು ಕಾಫಿ ಕುಡಿದು ಕಾಯೋಣ. ಚಾಲಕ ಮಲಗಿ ಎದ್ದು ಬರಲಿ.